ಪ್ಲಾಸ್ಟಿಕ್‌ಗೆ ಬಣ್ಣ: ಪುಡಿ ಬಿಟ್ಟು ಹರಳಿನತ್ತ

ಬಕೆಟ್, ಕೊಡ, ಕುರ್ಚಿಗಳಿಗೆ ಬಣ್ಣ ಬರುವುದು ವರ್ಣದ್ರವ್ಯದಿಂದ. ಈ ಪುಡಿಯನ್ನು ತೂಗಿ, ಪ್ಲಾಸ್ಟಿಕ್ ಹರಳುಗಳೊಂದಿಗೆ ಡ್ರಮ್‌ನಲ್ಲಿ ತಿರುಗಿಸಿ ಬೆರೆಸುವುದು ಸಣ್ಣ ಘಟಕಗಳ ಅಗ್ಗದ ವಿಧಾನ.

ಚೀಲದ ಬಾಯಿ ಬಿಚ್ಚಿದೊಡನೆ ಧೂಳು ಏಳುತ್ತದೆ. ಕಪ್ಪು ಬಣ್ಣದ ಕಾರ್ಬನ್ ಬ್ಲ್ಯಾಕ್ ಕಾರ್ಮಿಕರ ಮೈಗೆ, ಯಂತ್ರಕ್ಕೆ, ಪಕ್ಕದಲ್ಲಿ ತಯಾರಾಗುವ ಬಿಳಿ ಮಾಲಿಗೂ ಅಂಟಿಕೊಳ್ಳುತ್ತದೆ. ಇದನ್ನೂ ಬಿಳಿಯ ಟೈಟಾನಿಯಂ ಡೈಆಕ್ಸೈಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ ವಸ್ತುಗಳ ‘2ಬಿ’ ಗುಂಪಿಗೆ ಸೇರಿಸಿದೆ. ಆತಂಕವಿರುವುದು ಮುಖ್ಯವಾಗಿ ಉಸಿರಿನೊಡನೆ ಒಳಸೇರುವ ಧೂಳಿನ ಬಗ್ಗೆ. ಹಳದಿಯ ಲೆಡ್ ಕ್ರೋಮೇಟ್ ಇನ್ನೂ ಅಪಾಯಕಾರಿ. ಅದರಲ್ಲಿ ಸೀಸವೂ ಉಂಟು, ಕ್ಯಾನ್ಸರ್‌ಕಾರಕವೆಂದು ಖಚಿತಪಟ್ಟಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕೂಡ ಉಂಟು.

ಇದಕ್ಕೆ ಉದ್ಯಮ ಕಂಡುಕೊಂಡ ದಾರಿ ಮಾಸ್ಟರ್‌ಬ್ಯಾಚ್. ವರ್ಣದ್ರವ್ಯವನ್ನು ಮೊದಲೇ ಪ್ಲಾಸ್ಟಿಕ್‌ನಲ್ಲಿ ಸಾಂದ್ರವಾಗಿ ಬೆರೆಸಿ ತಯಾರಿಸಿದ ಹರಳುಗಳಿವು. 100 ಕೆ.ಜಿ. ಪ್ಲಾಸ್ಟಿಕ್‌ಗೆ ಸಾಮಾನ್ಯವಾಗಿ 1ರಿಂದ 4 ಕೆ.ಜಿ. ಸಾಕು. ಧೂಳು ಬಹುತೇಕ ಏಳದು, ಬಣ್ಣವೂ ಸಮನಾಗಿ ಹರಡುತ್ತದೆ. ಬೆಲೆ ಹೆಚ್ಚೆಂಬ ದೂರು ಸುಳ್ಳಲ್ಲ. ಆದರೆ ಗೆರೆ ಬಿದ್ದು ತಿರಸ್ಕೃತವಾಗುವ ಮಾಲು, ಬಣ್ಣ ಬದಲಿಸುವಾಗ ಯಂತ್ರದ ಶುದ್ಧಿಗೆ ಹಿಡಿಯುವ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಬೇಕು.

ಪುಡಿ ಅನಿವಾರ್ಯವಾದಲ್ಲಿ, ತೂಗುವ ಜಾಗದಲ್ಲೇ ಧೂಳು ಹೀರುವ ವ್ಯವಸ್ಥೆ ಬೇಕು. ಪೊರಕೆಯಿಂದ ಗುಡಿಸಿದರೆ ಕೂತ ಧೂಳು ಮತ್ತೆ ಏಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು. ಮೂಗಿಗೆ ಕಟ್ಟಿದ ಕರವಸ್ತ್ರ ಸೂಕ್ಷ್ಮ ಕಣಗಳನ್ನು ತಡೆಯದು.

ಆಹಾರ ತುಂಬುವ ಡಬ್ಬಿಗಳ ಬಣ್ಣ ಐಎಸ್ 9833 ಮಾನಕಕ್ಕೆ ಒಳಪಟ್ಟಿರಬೇಕೆಂದು 2018ರ ಆಹಾರ ಪ್ಯಾಕೇಜಿಂಗ್ ನಿಯಮಾವಳಿ ವಿಧಿಸಿದೆ. ಮಾಸ್ಟರ್‌ಬ್ಯಾಚ್‌ನೊಳಗಿನ ವರ್ಣದ್ರವ್ಯವೂ ಇದಕ್ಕೆ ಹೊರತಲ್ಲ.