ಹಪ್ಪಳದೊಳಗಿನ ನೀರು

ಬದಿಯಡ್ಕದ ನಮ್ಮ ಮನೆಯಲ್ಲಿ ಏಪ್ರಿಲ್ ಬಂತೆಂದರೆ ಅಂಗಳ ತುಂಬ ಚಾಪೆ. ಅತ್ತೆ ಹಲಸಿನ ಸೊಳೆ ಬೇಯಿಸಿ ಗುದ್ದಿ, ಉಪ್ಪು, ಮೆಣಸು, ಕೊತ್ತಂಬರಿ ಕೂಡಿಸಿ ಉಂಡೆ ಕಟ್ಟಿ ಕೊಡುವುದು. ಮಣೆಯಲ್ಲಿ ಒತ್ತುವುದು ನಾನು. ಮಾರುವ ಯೋಚನೆ ಬಂದದ್ದು ಆಮೇಲೆ. ಮೊದಲ ವರ್ಷ ಬೆಂಗಳೂರಿನ ಒಂದು ಅಂಗಡಿಗೆ ಇನ್ನೂರು ಕಟ್ಟು ಕಳಿಸಿದೆ. ಕೊನೆಯ ಎರಡು ದಿನ ಮೋಡವಿತ್ತು. ಮುಟ್ಟಿ ನೋಡಿ ಒಣಗಿತೆಂದುಕೊಂಡಿದ್ದೆ. ಜೂನ್‌ನಲ್ಲಿ ಅರ್ಧಕ್ಕರ್ಧ ಬೂಷ್ಟು ಹಿಡಿದು ವಾಪಸು ಬಂತು. ರುಚಿಯ ಬಗ್ಗೆ ಯಾರ ದೂರೂ ಇರಲಿಲ್ಲ. ನಾನು ಸೋತದ್ದು ಹಪ್ಪಳದೊಳಗೆ ಉಳಿದ ನೀರಿಗೆ.

ಹೊಸತನ ಅಂದರೆ ಹೊಸ ರುಚಿ, ಬಣ್ಣದ ಪ್ಯಾಕೆಟ್ಟು ಅಂತ ಆವರೆಗೆ ತಿಳಿದಿದ್ದೆ. ಕಣ್ಣು ತೆರೆಸಿದ್ದು ನಮ್ಮ ಕಾಸರಗೋಡಿನದೇ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐ. ಕೂಡ್ಲುವಿನಲ್ಲಿರುವ ಈ ಸಂಸ್ಥೆ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ತೆಂಗಿನ ಹೊಂಬಾಳೆಯಿಂದ ಇಳಿಯುವ ರಸ ಮಡಕೆಯಲ್ಲಿ ಹುಳಿ ಬಂದು ಕಳ್ಳಾಗುತ್ತದೆ; ಸುಣ್ಣ ಬಳಿದರೆ ಕೊಂಚ ತಡೆಯುತ್ತದೆ, ಅಷ್ಟೆ. ಇಲ್ಲಿಯವರು ಒಂದು ಪಿವಿಸಿ ಕೊಳವೆಯ ತುದಿಯನ್ನು ಪೆಟ್ಟಿಗೆಯ ಹಾಗೆ ಹಿಗ್ಗಿಸಿ, ಒಳಗೆ ರಸ ಬೀಳುವ ಪಾತ್ರೆ, ಅದರ ಸುತ್ತ ಮಂಜುಗಡ್ಡೆ ಇಟ್ಟರು. ರಸ ಜೇನಿನ ಬಣ್ಣದಲ್ಲಿ ಸಿಹಿಯಾಗಿಯೇ ಇಳಿಯಿತು. ಅದೇ ಕಲ್ಪರಸ; ಕಾಯಿಸಿದರೆ ತೆಂಗಿನ ಸಕ್ಕರೆ.

ಅವರ ತೆಂಗಿನ ಚಿಪ್ಸ್ ನನಗೆ ಇನ್ನೂ ಹತ್ತಿರದ್ದು. ತೆಳ್ಳಗೆ ಹೆರೆದ ಕಾಯಿಯನ್ನು ಸಕ್ಕರೆ ಪಾಕದಲ್ಲಿ ನೆನೆಸುತ್ತಾರೆ. ಪಾಕ ಒಳಗಿನ ನೀರನ್ನು ಹೊರಗೆಳೆಯುತ್ತದೆ, ಉಳಿದದ್ದನ್ನು ಡ್ರೈಯರ್ ಒಣಗಿಸುತ್ತದೆ. ಅಯ್ಯೋ, ಭರಣಿಯಲ್ಲಿ ಉಪ್ಪುಸೊಳೆ ಹಾಕುವ ಅತ್ತೆಯೂ ಇದನ್ನೇ ಮಾಡುವುದಲ್ಲವೇ? ಪಾಕದ ಜಾಗದಲ್ಲಿ ಅಲ್ಲಿ ಉಪ್ಪು.

ಸಾಲ ಮಾಡಿ ಕರೆಂಟಿನ ಡ್ರೈಯರ್ ತಂದೆ. ಅದಕ್ಕಿಂತ ದೊಡ್ಡ ಉಪಕಾರ ಮಾಡಿದ್ದು ತಕ್ಕಡಿ. ಹಪ್ಪಳ ತೂಗಿ, ಗಂಟೆ ಬಿಟ್ಟು ಪುನಃ ತೂಗುತ್ತೇನೆ. ತೂಕ ಇಳಿಯುವುದು ನಿಂತ ಮೇಲೆಯೇ ಕಟ್ಟುವುದು. ಯಂತ್ರ ತಂದವರೆಲ್ಲ ಗೆದ್ದಿಲ್ಲ. ಹಲಸಿನ ಕಾಲ ಮುಗಿದ ಮೇಲೆ ಅದು ಖಾಲಿ ಕೂತರೆ ಸಾಲದ ಕಂತು ಕೂರುವುದಿಲ್ಲವಲ್ಲ! ಮಳೆಗಾಲದಲ್ಲಿ ನಾನು ನೇಂದ್ರ ಬಾಳೆಹಣ್ಣು ಒಣಗಿಸುತ್ತೇನೆ. ಹಲಸಿನಕಾಯಿ ಸಿಗುವಾಗ ಒಣಗಿಸಿಟ್ಟ ಸೊಳೆಯನ್ನು ವರ್ಷವಿಡೀ ಹುಡಿ ಮಾಡಿ ಕೊಡುತ್ತೇನೆ.

ಕೇರಳ ಸರಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಸಾರಿತು. ಅದಕ್ಕೂ ಎಷ್ಟೋ ಮೊದಲೇ ಪೆರ್ಲದ ಕಡೆಯ ಕೃಷಿ ಪತ್ರಕರ್ತ ಶ್ರೀಪಡ್ರೆ ‘ಅಡಿಕೆ ಪತ್ರಿಕೆ’ಯಲ್ಲಿ ಹೊರದೇಶದವರು ಹಲಸಿನಿಂದ ಏನೇನು ಮಾಡುತ್ತಾರೆಂದು ಬರೆಯುತ್ತಿದ್ದರು. ನಾವು ಅದನ್ನು ಓದಿ, ಬುಡದಲ್ಲಿ ಕೊಳೆತ ಹಣ್ಣನ್ನು ದನಕ್ಕೆ ಹಾಕುತ್ತಿದ್ದೆವು.

ಅತ್ತೆಗೆ ತಕ್ಕಡಿಯ ಮೇಲೆ ಇನ್ನೂ ನಂಬಿಕೆ ಬಂದಿಲ್ಲ. ಹಪ್ಪಳವನ್ನು ಕಿವಿಯ ಹತ್ತಿರ ಹಿಡಿದು ಮುರಿದು ಸದ್ದು ಕೇಳುತ್ತಾರೆ. “ಇನ್ನೊಂದು ಗಂಟೆ ಇರಲಿ ಮಗಳೇ” ಅಂದರೆ, ಇರಲಿ ಎಂದು ಮತ್ತೆ ಒಳಗಿಡುತ್ತೇನೆ.