ಹುಲ್ಲು ಹೊಡೆಯೋ ಮಷಿನ್ ಎತ್ತಿಡುವ ಮುಂಚೆ

ಪುಣೆಯಲ್ಲೋ ಹೈದರಾಬಾದಿನಲ್ಲೋ ಕೆಲಸ ಮಾಡ್ತಾ ಊರಿನ ಅಡಿಕೆ ತೋಟಕ್ಕೆ ಹುಲ್ಲು ಹೊಡೆಯೋ ಮಷಿನ್ ಕೊಡಿಸಿದವರು ನಮ್ಮಲ್ಲಿ ಬಹಳ ಜನ. ಮಳೆ ಮುಗಿದ ಮೇಲೆ ಅದು ಮೂಲೆ ಸೇರುತ್ತೆ. ಮುಂದಿನ ಮಳೆಗಾಲಕ್ಕೆ ಅದರ ಹಗ್ಗ ಎಳೆಯುವವರು ಅಪ್ಪ. ಎಷ್ಟು ಎಳೆದರೂ ಭುಜ ನೋಯುತ್ತೆ, ಎಂಜಿನ್ ಸ್ಟಾರ್ಟ್ ಆಗಲ್ಲ.

ಇದಕ್ಕೆ ಸಾಮಾನ್ಯ ಕಾರಣ, ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್. ತಿಂಗಳುಗಟ್ಟಲೆ ನಿಂತರೆ ಅದು ಆರಿ ಅಂಟಾಗಿ ಕಾರ್ಬುರೇಟರ್‌ನ ಸಣ್ಣ ತೂತು ಮುಚ್ಚುತ್ತೆ. ಈಗಿನ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತೆ, ಅದು ಗಾಳಿಯ ತೇವ ಹೀರುತ್ತೆ. ನೀರು ಹೆಚ್ಚಾದರೆ ಎಥನಾಲ್ ಅದರ ಜೊತೆ ಬೇರ್ಪಟ್ಟು ತಳಕ್ಕಿಳಿಯುತ್ತೆ. ಟೂ-ಸ್ಟ್ರೋಕ್ ಎಂಜಿನ್‌ಗೆ ಅಪಾಯ ಇಲ್ಲೇ: ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲ್‌ನಲ್ಲೇ ಉಳಿಯುತ್ತೆ, ಪೈಪ್ ಹೀರುವುದು ತಳದಿಂದ. ಆಯಿಲ್ ಸಿಗದಿದ್ದರೆ ಪಿಸ್ಟನ್ ಮೇಲೆ ಗೀರು ಬೀಳುತ್ತೆ.

ದೀಪಾವಳಿಗೆ ಊರಿಗೆ ಹೋದಾಗ ನಾನು ಮಾಡುವುದು ಇಷ್ಟು, ಅರ್ಧ ಗಂಟೆ ಸಾಕು. ಎಂಜಿನ್ ತಣ್ಣಗಿರುವಾಗ ಟ್ಯಾಂಕ್ ಖಾಲಿ ಮಾಡಿ, ಆಮೇಲೆ ಸ್ಟಾರ್ಟ್ ಮಾಡಿ ತಾನಾಗೇ ನಿಲ್ಲುವವರೆಗೆ ಬಿಡ್ತೀನಿ. ತಣಿದ ಮೇಲೆ ಪ್ಲಗ್ ಬಿಚ್ಚಿ, ಒಳಗೆ ನಾಲ್ಕು ಹನಿ 2ಟಿ ಆಯಿಲ್ ಬಿಟ್ಟು, ಹಗ್ಗವನ್ನು ನಿಧಾನಕ್ಕೆ ಎರಡು-ಮೂರು ಸಲ ಎಳೆದು, ಮತ್ತೆ ಪ್ಲಗ್ ಹಾಕ್ತೀನಿ. ಸ್ಪಂಜಿನ ಏರ್ ಫಿಲ್ಟರನ್ನು ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಬ್ಲೇಡ್ ಒರೆಸಿ ಎಣ್ಣೆ ಹಚ್ಚಬೇಕು. ತೇವ ಇಲ್ಲದ, ಇಲಿ ಹತ್ತದ ಕಡೆ ಮಷಿನ್ ನೇತುಹಾಕಬೇಕು.

ಇನ್ನೊಂದು ಮಾತು. ಇದನ್ನೆಲ್ಲ ಅಪ್ಪನ ಎದುರಿಗೇ ಮಾಡಿ. ಮುಂದಿನ ಹಬ್ಬಕ್ಕೆ ನಮಗೆ ರಜೆ ಸಿಗುತ್ತೋ ಇಲ್ಲವೋ!