ಲಂಬಕೋನ ತ್ರಿಭುಜದಲ್ಲಿ ಬೆಳಕಿನ ವೇಗ

ಲಂಬಕೋನ ತ್ರಿಭುಜದ ಒಂದು ಕೋನ 90 ಡಿಗ್ರಿ, ಉಳಿದೆರಡು ಲಘುಕೋನಗಳು. ಅವುಗಳಲ್ಲಿ ಒಂದನ್ನು ಆರಿಸಿಕೊಂಡರೆ ಬಾಹುಗಳಿಗೆ ಹೆಸರು ಬರುತ್ತದೆ. 90 ಡಿಗ್ರಿಯ ಎದುರಿನ ಅತಿ ಉದ್ದದ ಬಾಹು ವಿಕರ್ಣ. ಆರಿಸಿದ ಕೋನದ ಎದುರಿಗಿರುವುದು ಅಭಿಮುಖ ಬಾಹು, ಮಗ್ಗುಲಲ್ಲಿರುವುದು ಪಾರ್ಶ್ವ ಬಾಹು. ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಸೈನ್, ಪಾರ್ಶ್ವ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಕೊಸೈನ್, ಅಭಿಮುಖ ಬಾಹುವನ್ನು ಪಾರ್ಶ್ವ ಬಾಹುವಿನಿಂದ ಭಾಗಿಸಿದರೆ ಟ್ಯಾನ್. ಬಾಹುಗಳು 3, 4, 5 ಆಗಿದ್ದರೆ 3ರ ಎದುರಿನ ಕೋನಕ್ಕೆ ಇವು ಕ್ರಮವಾಗಿ 3/5, 4/5, 3/4.

ತ್ರಿಭುಜವನ್ನು ಎಷ್ಟು ಹಿಗ್ಗಿಸಿದರೂ ಕೋನ ಅದೇ ಇರುವವರೆಗೆ ಈ ಅನುಪಾತಗಳು ಕದಲುವುದಿಲ್ಲ. ಸಮರೂಪ ತ್ರಿಭುಜಗಳಲ್ಲಿ ಬಾಹುಗಳೆಲ್ಲ ಒಂದೇ ಪ್ರಮಾಣದಲ್ಲಿ ಬೆಳೆಯುತ್ತವೆ. ತ್ರಿಕೋನಮಿತಿಯ ಬಲವೆಲ್ಲ ಇಲ್ಲಿದೆ: ಅಳತೆಪಟ್ಟಿ ತಲುಪದ ಕಡೆಗೂ ಕೋನ ತಲುಪುತ್ತದೆ.

ಅದು ಎಷ್ಟು ದೂರ ತಲುಪಬಲ್ಲದು ಎಂಬುದಕ್ಕೆ ಲಂಡನ್ನಿನ ಇಲ್ಫರ್ಡ್ ಪಕ್ಕದಲ್ಲೇ ಒಂದು ಉಜ್ವಲ ನಿದರ್ಶನವಿದೆ. ರೋಡಿಂಗ್ ನದಿ ದಾಟಿದರೆ ಸಿಗುವುದು ವಾನ್‌ಸ್ಟೆಡ್. ಅಲ್ಲಿ ತಮ್ಮ ದಿವಂಗತ ಸೋದರಮಾವ ಜೇಮ್ಸ್ ಪೌಂಡ್ ಅವರ ಪತ್ನಿಯ ಮನೆಯಲ್ಲಿ, 1727ರ ಆಗಸ್ಟ್‌ನಲ್ಲಿ ಖಗೋಳವಿಜ್ಞಾನಿ ಜೇಮ್ಸ್ ಬ್ರಾಡ್ಲಿ 12.5 ಅಡಿ ಉದ್ದದ ದೂರದರ್ಶಕವನ್ನು ನೆಟ್ಟಗೆ ನಿಲ್ಲಿಸಿದರು. ಅದನ್ನು ಮಾಡಿಕೊಟ್ಟವರು ಗಡಿಯಾರ ತಯಾರಕ ಜಾರ್ಜ್ ಗ್ರಹಾಂ. ನೆತ್ತಿಯ ಮೇಲೆ ಹಾದುಹೋಗುವ ನಕ್ಷತ್ರಗಳು ವರ್ಷದುದ್ದಕ್ಕೂ ತಮ್ಮ ಜಾಗದಿಂದ ಆಚೀಚೆ ಸರಿಯುತ್ತಿದ್ದವು. ಅತ್ಯಂತ ಹೆಚ್ಚಿನ ಸರಿತ ಸುಮಾರು 20 ಸೆಕೆಂಡು. ಇಲ್ಲಿ ಸೆಕೆಂಡು ಕಾಲದ್ದಲ್ಲ. ಒಂದು ಡಿಗ್ರಿಯ 3,600ನೇ ಒಂದು ಭಾಗ.

ಬ್ರಾಡ್ಲಿ ಕಂಡುಕೊಂಡ ಕಾರಣ ಒಂದು ಲಂಬಕೋನ ತ್ರಿಭುಜ. ಬೆಳಕು ಕೊಳವೆಯ ಮೇಲ್ತುದಿಯಿಂದ ಕೆಳಗಿಳಿಯುವಷ್ಟರಲ್ಲಿ ಭೂಮಿ ಕೊಳವೆಯನ್ನು ಪಕ್ಕಕ್ಕೆ ಒಯ್ದಿರುತ್ತದೆ. ಹಾಗಾಗಿ ಕೊಳವೆಯನ್ನು ಭೂಮಿ ಸಾಗುವ ದಿಕ್ಕಿಗೆ ತುಸು ಬಾಗಿಸಬೇಕು. ಬೆಳಕು ಇಳಿದ ದೂರ ಪಾರ್ಶ್ವ ಬಾಹು, ಅಷ್ಟರಲ್ಲಿ ಭೂಮಿ ಸರಿದ ದೂರ ಅಭಿಮುಖ ಬಾಹು, ಬಾಗಿದ ಕೊಳವೆಯೇ ವಿಕರ್ಣ. ಎರಡು ದೂರಗಳಿಗೂ ಹಿಡಿದ ಕಾಲ ಒಂದೇ ಆದ್ದರಿಂದ, ಬಾಗಿದ ಕೋನದ ಟ್ಯಾನ್ ಎಂದರೆ ಭೂಮಿಯ ವೇಗವನ್ನು ಬೆಳಕಿನ ವೇಗದಿಂದ ಭಾಗಿಸಿದ ಲಬ್ಧ.

ಬ್ರಾಡ್ಲಿ ಲೆಕ್ಕಕ್ಕೆ ತೆಗೆದುಕೊಂಡ 20.2 ಸೆಕೆಂಡು ಕೋನದ ಟ್ಯಾನ್ ಸುಮಾರು 1/10,210. ಅಂದರೆ ಬೆಳಕು ಭೂಮಿಗಿಂತ 10,210 ಪಟ್ಟು ವೇಗಿ. ಭೂಮಿ ತನ್ನ ಕಕ್ಷೆಯನ್ನು ಸುತ್ತಲು ಒಂದು ವರ್ಷ ಬೇಕು. ಕಕ್ಷೆಯ ತ್ರಿಜ್ಯದಷ್ಟು, ಅಂದರೆ ಸೂರ್ಯನಿಂದ ಭೂಮಿಯವರೆಗಿನಷ್ಟು ದೂರ ಸಾಗಲು ಬೆಳಕಿಗೆ ಈ ಲೆಕ್ಕದಲ್ಲಿ 8 ನಿಮಿಷ 12 ಸೆಕೆಂಡು ಸಾಕು. ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು ತೆಗೆದುಕೊಳ್ಳುವ ಕಾಲ ಇಂದಿನ ಅಳತೆಯಂತೆ 8 ನಿಮಿಷ 19 ಸೆಕೆಂಡು.